ಕೀಲಿಕೈ ಯಾರ ಕಿಸೆಯಲ್ಲಿದೆ?

(ಉಡುಪಿಯ ಹವ್ಯಾಸಿ ನಾಟಕದವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ತುಳು ಮಾತುಗಳನ್ನು ಕನ್ನಡಕ್ಕೆ ತಂದಿದ್ದೇನೆ. ತಗಡಿನ ಮಾಡಿನ ಮೇಲೆ ಮಳೆ ಜೋರಾಗಿ ಎರಡು ಸಲ ಮಾತು ನಿಲ್ಲಿಸಬೇಕಾಯಿತು, ಅದನ್ನು ಇಲ್ಲಿ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಬಿಗಿಯಾಗಿ ಹೆಣೆದ ವಾಸ್ತವವಾದಿ ನಾಟಕದ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದಾರೆ. ಅದಕ್ಕೆ ಮೊದಲು ನನ್ನದೇ ಮರ್ಯಾದೆ ಹೋದ ಒಂದು ಕತೆ ಹೇಳಿಬಿಡುತ್ತೇನೆ.

ಕಾಲೇಜು ಮುಗಿಸಿದ ಹೊಸತು. ನಮ್ಮ ತಂಡ ಒಂದು ನಾಟಕ ಸ್ಪರ್ಧೆಗೆ ಹೋಗಿತ್ತು. ಒಂದೇ ಮನೆ, ಒಂದೇ ಕೋಣೆ, ಐದು ಪಾತ್ರ. ಎರಡನೇ ಅಂಕದಲ್ಲಿ ಮನೆಯ ಯಜಮಾನ ಮೇಜಿನ ಡ್ರಾಯರ್ ಎಳೆದು ಒಂದು ಹಳೇ ಕಾಗದ ತೆಗೆದು ಓದಬೇಕು. ಆ ಕಾಗದದಲ್ಲಿ ಒಂದು ತಾರೀಕು ಇದೆ. ಮೂರನೇ ಅಂಕದ ಜಗಳವೆಲ್ಲ ಆ ತಾರೀಕಿನ ಮೇಲೆ ನಿಂತದ್ದು. ಕಾಗದ ಇಡುವ ಕೆಲಸ ನನ್ನದು. ಅದನ್ನು ಜೋಪಾನವಾಗಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಸೆಕೆ ಅಂತ ಅಂಗಿಯನ್ನು ಗ್ರೀನ್ ರೂಮಿನ ಮೊಳೆಗೆ ನೇತುಹಾಕಿ, ಬನಿಯನ್‌ನಲ್ಲೇ ಲೈಟಿನವನ ಪಕ್ಕ ಕೂತಿದ್ದೆ.

ಯಜಮಾನ ಡ್ರಾಯರ್ ಎಳೆದ. ಒಳಗೆ ಒಂದು ಸತ್ತ ಜಿರಳೆ ಬಿಟ್ಟರೆ ಏನಿಲ್ಲ. ವಿಂಗಿನ ಕಡೆ ನೋಡಿದ. ಆಮೇಲೆ ತನ್ನ ಕಿಸೆಗೆ ಕೈ ಹಾಕಿ, ಮಧ್ಯಾಹ್ನ ಊಟ ಮಾಡಿದ ಹೋಟೆಲಿನ ಬಿಲ್ಲು ತೆಗೆದು, ಅದನ್ನೇ ಪತ್ರ ಅಂತ ಓದತೊಡಗಿದ. ಮಾತು ಅರ್ಧ ನೆನಪಿತ್ತು, ತಾರೀಕು ಮಾತ್ರ ಮರೆತು ಹೋಯಿತು. ಮೂರನೇ ಅಂಕದಲ್ಲಿ ಹೆಂಡತಿ ಪಾತ್ರದವಳು ಬಂದು, 'ಆ ತಾರೀಕು ಕೇಳಿದ ಮೇಲೂ ನೀವು ಸುಮ್ಮನಿದ್ದೀರಲ್ಲ' ಅಂತ ಕೂಗಾಡಿದಳು. ಯಾವ ತಾರೀಕು? ಸಭೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ 'ತಾರೀಕು ಎಷ್ಟು ಮಾರಾಯ್ರೆ?' ಅಂತ ಕೇಳಿಯೂ ಬಿಟ್ಟರು.

ನಾಟಕ ನೋಡಲು ನನ್ನ ಸೋದರಮಾವ ಬಂದಿದ್ದರು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದವರು. ಮನೆಗೆ ಹೋಗುವ ದಾರಿಯಲ್ಲಿ ಅವರು ಹೇಳಿದ್ದು ಇಷ್ಟೇ: 'ನಮ್ಮಲ್ಲಾದ್ರೆ ಪತ್ರ ಬಂತು ಅಂತ ಬಾಯಲ್ಲಿ ಹೇಳಿದ್ರೆ ಪತ್ರ ಬಂದ ಹಾಗೆ. ನಿಮ್ಮದು ಎಂತದು ಮಾರಾಯ, ಒಂದು ಕಾಗದಕ್ಕೆ ನಿಂತ ನಾಟಕ!'

ಬೈದದ್ದು ಅವರು. ಆದರೆ ಈ ಬಗೆಯ ನಾಟಕವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ.

ನಾವು ಯಕ್ಷಗಾನ ನೋಡಿ ಬೆಳೆದವರು. ಕರ್ಣ ಸಾಯುತ್ತಾನೆ ಅಂತ ರಂಗಸ್ಥಳದ ಎದುರು ಚಾಪೆ ಹಾಸಿ ಮಲಗಿದ ಮಗುವಿಗೂ ಗೊತ್ತು. ಸಾಯುವ ಮೊದಲು ಇವತ್ತಿನ ಕರ್ಣ ಕೃಷ್ಣನ ಹತ್ತಿರ ಎಂತ ಹೇಳ್ತಾನೆ, ಅದನ್ನು ಕೇಳಲಿಕ್ಕೆ ಬೆಳಗಿನವರೆಗೆ ಕೂರುವುದು. ಕತೆ ಎಲ್ಲಿಗೂ ಓಡಿಹೋಗುವುದಿಲ್ಲ, ಯಾಕೆಂದರೆ ಅದು ಪದ್ಯ ಹಾಡಿ ಆಟ ನಡೆಸುವ ಭಾಗವತರ ಕೈಯಲ್ಲಿದೆ. ವೇಷಧಾರಿ ಮಾತಿನ ಭರದಲ್ಲಿ ಎಲ್ಲೆಲ್ಲೋ ಹೋದರೂ ಭಾಗವತರು ಮುಂದಿನ ಪದ್ಯ ಎತ್ತಿದರೆ ಮುಗಿಯಿತು. ಕತೆ ದಾರಿಗೆ ಬರುತ್ತದೆ.

ವಾಸ್ತವವಾದಿ ನಾಟಕದಲ್ಲಿ ಭಾಗವತರಿಲ್ಲ. ಕತೆ ಹೇಳುವವರು ಯಾರೂ ಇಲ್ಲ. ನಾಲ್ಕು ಗೋಡೆ, ಅದರಲ್ಲಿ ಒಂದು ಗೋಡೆ ನಮಗೆ ಕಾಣದ್ದು. ಒಳಗೆ ಕೆಲವರು ಕಾಫಿ ಕುಡಿಯುತ್ತಾ ತಮ್ಮಷ್ಟಕ್ಕೆ ಮಾತಾಡುತ್ತಿದ್ದಾರೆ. ಹಾಗಾದರೆ ಕತೆಯನ್ನು ಮುಂದೆ ನೂಕುವವರು ಯಾರು? ಕಾಗದ, ಕೀಲಿಕೈ, ಗಡಿಯಾರ, ಬಾಗಿಲು ಬಡಿದ ಸದ್ದು. ಭಾಗವತರ ಕೆಲಸವನ್ನು ಸಾಮಾನುಗಳು ಮಾಡುತ್ತವೆ. ಅದಕ್ಕೇ ನಾನು ಕಾಗದ ಮರೆತ ದಿನ ಆ ನಾಟಕದಲ್ಲಿ ಭಾಗವತರೇ ಎದ್ದು ಹೋದ ಹಾಗಾಯಿತು.

ಈ ವಿದ್ಯೆಯನ್ನು ಅಂಗಡಿ ಲೆಕ್ಕದ ಹಾಗೆ ಕರಾರುವಾಕ್ಕು ಮಾಡಿದವನು ಪ್ಯಾರಿಸ್‌ನ ಯೂಜೀನ್ ಸ್ಕ್ರೀಬ್. 1791ರಲ್ಲಿ ಹುಟ್ಟಿದವನು, ರೇಷ್ಮೆ ವ್ಯಾಪಾರಿಯ ಮಗ. 1861ರಲ್ಲಿ ಸಾಯುವಾಗ ಅವನ ಹೆಸರಲ್ಲಿ ಒಪೆರಾ ಸಾಹಿತ್ಯವೂ ಸೇರಿ ನಾನ್ನೂರಕ್ಕಿಂತ ಜಾಸ್ತಿ ಕೃತಿಗಳಿದ್ದವು. ಒಬ್ಬನೇ ಬರೆದದ್ದಲ್ಲ. ಒಬ್ಬ ಕತೆ ತರುವುದು, ಇನ್ನೊಬ್ಬ ಮಾತು ಬರೆಯುವುದು, ಮತ್ತೊಬ್ಬ ತಮಾಷೆ ಸೇರಿಸುವುದು, ಹಾಗೆ ಒಂದು ಕಾರ್ಖಾನೆಯೇ ನಡೆಯುತ್ತಿತ್ತು. ಇಂಥ ನಾಟಕಕ್ಕೆ ಫ್ರೆಂಚರು 'ಚೆನ್ನಾಗಿ ಕಟ್ಟಿದ ನಾಟಕ' ಅಂತ ಹೆಸರಿಟ್ಟರು. ಮೊದಲು ಅದು ಹೊಗಳಿಕೆ, ಆಮೇಲೆ ಬೈಗುಳ.

ಸ್ಕ್ರೀಬನ ಕಟ್ಟುವಿಕೆ ಹೀಗೆ: ಪರದೆ ಏಳುವ ಮೊದಲೇ ಏನೋ ಒಂದು ಆಗಿಹೋಗಿದೆ. ಅದೊಂದು ಗುಟ್ಟು. ಪ್ರೇಕ್ಷಕರಿಗೆ ಬೇಗ ತಿಳಿಯುತ್ತದೆ, ರಂಗದ ಮೇಲಿನ ಒಬ್ಬರಿಗೆ ಮಾತ್ರ ತಿಳಿದಿಲ್ಲ. ಆ ಒಬ್ಬರಿಗೆ ತಿಳಿಯುವುದನ್ನು ಎರಡು ಗಂಟೆ ಮುಂದಕ್ಕೆ ಹಾಕುವುದೇ ನಾಟಕ. ಒಂದು ಪತ್ರ ತಪ್ಪು ಕೈಗೆ ಹೋಗುತ್ತದೆ. ಒಬ್ಬ ಒಳಗೆ ಬರುವ ಹೊತ್ತಿಗೆ ಇನ್ನೊಬ್ಬ ಹೊರಗೆ ಹೋಗಿರುತ್ತಾನೆ. ನಾಯಕ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೊನೆಗೆ ಇಬ್ಬರು ಎದುರುಬದುರಾಗುವ ಒಂದು ದೃಶ್ಯ ಇರಲೇಬೇಕು. ಅದನ್ನು ತಪ್ಪಿಸಿದರೆ ಪ್ರೇಕ್ಷಕ ಟಿಕೆಟಿನ ದುಡ್ಡು ವಾಪಸ್ ಕೇಳುತ್ತಾನೆ. ಫ್ರೆಂಚ್ ವಿಮರ್ಶಕ ಸಾರ್ಸೆ ಅದಕ್ಕೆ 'ಮಾಡಲೇಬೇಕಾದ ದೃಶ್ಯ' ಅಂತಲೇ ಹೆಸರು ಕೊಟ್ಟ.

1840ರ ಒಂದು ನಾಟಕದಲ್ಲಿ ಸ್ಕ್ರೀಬ್ ಇಂಗ್ಲೆಂಡಿನ ಆನ್ ರಾಣಿಯ ಆಸ್ಥಾನವನ್ನು ತರುತ್ತಾನೆ. ರಾಣಿ ಕೇಳಿದ ಒಂದು ಲೋಟ ನೀರನ್ನು ಡಚೆಸ್ ಸಿಟ್ಟಿನಲ್ಲಿ ಚೆಲ್ಲಿಬಿಡುತ್ತಾಳೆ. ಅಷ್ಟರಿಂದ ಸರಕಾರ ಬದಲಾಗಿ, ಫ್ರಾನ್ಸಿನ ಜತೆಗಿನ ಯುದ್ಧವೇ ನಿಲ್ಲುವ ದಾರಿ ಹಿಡಿಯುತ್ತದೆ. ಚರಿತ್ರೆ ಓದಿದವರು ನಗಬಹುದು. ಆದರೆ ಮನೆ ಪಾಲಾಗುವ ಹೊತ್ತಿನಲ್ಲಿ ಒಂದು ಹಿತ್ತಾಳೆ ಉರುಳಿ ಪಾತ್ರೆಗೋಸ್ಕರ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಮಾತು ಬಿಟ್ಟದ್ದನ್ನು ನೀವು ನೋಡಿಲ್ವಾ? ಸ್ಕ್ರೀಬ್ ಪೂರಾ ಸುಳ್ಳನಲ್ಲ.

ಅವನ ನಂತರ ಇನ್ನೊಬ್ಬ ಫ್ರೆಂಚ್ ನಾಟಕಕಾರ ಸಾರ್ದು ಬಂದ. 1860ರಲ್ಲಿ ಮೂರು ಅಂಕದ ಒಂದು ಹಾಸ್ಯ ನಾಟಕವನ್ನು ಒಂದು ಚೂರು ಕಾಗದದ ಸುತ್ತಲೇ ತಿರುಗಿಸಿದ. ನನ್ನ ಮಾವ ನೋಡಿದ್ದರೆ ಎದ್ದೇ ಹೋಗುತ್ತಿದ್ದರು. ಬರ್ನಾರ್ಡ್ ಶಾ 1895ರಲ್ಲಿ ಸಾರ್ದುವಿನ ಹೆಸರನ್ನೇ ತಿರುಚಿ 'ಸಾರ್ಡೂಡಲ್ಡಮ್' ಅಂತ ಒಂದು ಗೇಲಿ ಪದ ಮಾಡಿದ. ಯಂತ್ರ ಚೆನ್ನಾಗಿ ತಿರುಗುತ್ತದೆ, ಆದರೆ ಅರೆಯುವುದಕ್ಕೆ ಅಕ್ಕಿ ಇಲ್ಲ ಅನ್ನುವುದು ಅವನ ತಕರಾರು.

ಅದೇ ಹೊತ್ತಿಗೆ ರಂಗವೂ ಬದಲಾಗುತ್ತಿತ್ತು. ಬಣ್ಣದ ಪರದೆ ಹೋಗಿ ಮೂರು ಗೋಡೆ, ಮಾಡು, ನಿಜವಾದ ಬಾಗಿಲು ಬಂದವು. ಲಂಡನ್ನಿನ ಸವಾಯ್ ಥಿಯೇಟರಿಗೆ 1881ರಲ್ಲಿ ವಿದ್ಯುದ್ದೀಪ ಬಂತು. 1887ರಲ್ಲಿ ಪ್ಯಾರಿಸ್‌ನಲ್ಲಿ ಆಂತ್ವಾನ್ ತನ್ನ ಸಣ್ಣ ರಂಗಮಂದಿರ ಶುರು ಮಾಡಿದ. ಮರುವರ್ಷ ಕಸಾಯಿಯವರ ಮೇಲಿನ ಒಂದು ನಾಟಕಕ್ಕೆ ನಿಜವಾದ ಮಾಂಸವನ್ನೇ ರಂಗದ ಮೇಲೆ ತೂಗುಹಾಕಿದ. ನಮ್ಮಲ್ಲಿ ಯಾರಾದರೂ ಹಾಗೆ ಬಂಗುಡೆ ತೂಗುಹಾಕಿದ್ದರೆ ಊರಿನ ಬೆಕ್ಕುಗಳೂ ಪಾತ್ರ ಮಾಡುತ್ತಿದ್ದವು. ನನಗೆ ಈ ಮಾಂಸದ ವಾಸ್ತವದಲ್ಲಿ ಅಷ್ಟು ಆಸಕ್ತಿ ಇಲ್ಲ. ಡ್ರಾಯರಿನೊಳಗಿನ ಕಾಗದದಲ್ಲಿ ಇದೆ.

ಈಗ ಇಬ್ಸೆನ್. ನಾರ್ವೆಯವನು, 1828ರಿಂದ 1906. ಅವನನ್ನು ನಾವು ವಿಚಾರವಾದಿ, ಕ್ರಾಂತಿಕಾರಿ ಅಂತೆಲ್ಲ ಕರೆಯುತ್ತೇವೆ. ಸರಿ. ಆದರೆ 1851ರಿಂದ ಕೆಲವು ವರ್ಷ ಅವನು ಬೆರ್ಗೆನ್ ಊರಿನ ರಂಗಮಂದಿರದಲ್ಲಿ ಸಂಬಳಕ್ಕಿದ್ದ. ಅಲ್ಲಿ ಏರುತ್ತಿದ್ದ ನಾಟಕಗಳಲ್ಲಿ ಫ್ರೆಂಚರದ್ದೇ ರಾಶಿ, ಅದರಲ್ಲೂ ಸ್ಕ್ರೀಬನದ್ದು. ಯಾರು ಯಾವ ಬಾಗಿಲಿನಿಂದ ಬರಬೇಕು, ಪತ್ರ ಯಾವ ಮೇಜಿನ ಮೇಲಿರಬೇಕು ಅಂತ ನಿಂತು ನಿಂತು ಮಾಡಿಸಿದವನು. ಯಕ್ಷಗಾನದ ಬಣ್ಣದ ಕೋಣೆ ಚೌಕಿಯಲ್ಲಿ ಬಣ್ಣ ಅರೆದು, ಗೆಜ್ಜೆ ಕಟ್ಟಿಕೊಟ್ಟು ವೇಷ ಕಲಿತ ಹುಡುಗನ ಹಾಗೆ ಕಸುಬನ್ನು ಬುಡದಿಂದ ಕಲಿತ. ಆಮೇಲೆ ಗುರುವಿಗೇ ತಿರುಮಂತ್ರ ಹಾಕಿದ.

ಅವನ 'ಗೊಂಬೆಯ ಮನೆ' ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 1879ರ ಡಿಸೆಂಬರ್‌ನಲ್ಲಿ ಪುಸ್ತಕವಾಗಿ ಬಂತು. ಅದೇ ತಿಂಗಳ 21ಕ್ಕೆ ಕೋಪನ್‌ಹೇಗನ್‌ನಲ್ಲಿ ಮೊದಲ ಪ್ರದರ್ಶನ. ಎಲ್ಲರಿಗೂ ನೆನಪಿರುವುದು ಕೊನೆಗೆ ನೋರಾ ಬಾಗಿಲು ಹಾಕಿಕೊಂಡು ಹೋಗುವುದು. ಆ ಬಾಗಿಲಿನ ತನಕ ಅವಳನ್ನು ಹೇಗೆ ತಂದ ಅಂತ ನೋಡುವವರು ಕಡಿಮೆ. ಸ್ವಲ್ಪ ಹತ್ತಿರ ಹೋಗಿ ನೋಡೋಣ.

ಗಂಡ ಹೆಲ್ಮರ್‌ಗೆ ಹಿಂದೊಮ್ಮೆ ಜೀವಕ್ಕೇ ಅಪಾಯ ತರುವ ಕಾಯಿಲೆ ಬಂದಿತ್ತು. ದಕ್ಷಿಣದ ಬಿಸಿಲಿಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರು ಹೇಳಿದ್ದರು. ದುಡ್ಡಿಲ್ಲ. ನೋರಾ ಗುಟ್ಟಾಗಿ ಕ್ರೋಗ್‌ಸ್ಟಾಡ್ ಅನ್ನುವವನಿಂದ 4800 ಕ್ರೋನ ಸಾಲ ತಂದಳು. ಜಾಮೀನಿಗೆ ಅಪ್ಪನ ಸಹಿ ಬೇಕು. ಅಪ್ಪ ಸಾಯುವ ಸ್ಥಿತಿಯಲ್ಲಿದ್ದರು. ಅವರ ಹೆಸರನ್ನು ತಾನೇ ಬರೆದಳು. ಗಂಡ ಬದುಕಿದ. ಅವಳು ಮನೆ ಖರ್ಚಿನಲ್ಲಿ ಉಳಿಸಿ, ರಾತ್ರಿ ಕೂತು ನಕಲು ಬರೆಯುವ ಕೆಲಸ ಮಾಡಿ ಕಂತು ಕಟ್ಟುತ್ತಾ ಬಂದಳು. ನಾಟಕ ಶುರುವಾಗುವಾಗ ಇದೆಲ್ಲ ಆಗಿ ವರ್ಷಗಳಾಗಿವೆ. ಕ್ರಿಸ್‌ಮಸ್ ಹಿಂದಿನ ದಿನ, ನೋರಾ ಮರ ತರಿಸಿದ್ದಾಳೆ, ಗಂಡನಿಗೆ ಕಾಣದ ಹಾಗೆ ಮೆಕರೂನ್ ತಿನ್ನುತ್ತಿದ್ದಾಳೆ.

ಕ್ರೋಗ್‌ಸ್ಟಾಡ್ ಬರುತ್ತಾನೆ. ನಿನ್ನ ಅಪ್ಪ ತೀರಿಕೊಂಡದ್ದು ಯಾವಾಗ ಅಂತ ಕೇಳುತ್ತಾನೆ. ಸೆಪ್ಟೆಂಬರ್ 29. ಪತ್ರದಲ್ಲಿ ಸಹಿಯ ತಾರೀಕು? ಅಕ್ಟೋಬರ್ 2.

ನಾವು ಇದನ್ನು ಉಡುಪಿಯ ಮನೆಯೊಂದಕ್ಕೆ ಒಗ್ಗಿಸಿಕೊಂಡು ಆಡಿದಾಗ ತಂಡದಲ್ಲಿ ಅರ್ಧ ಜನ ಬ್ಯಾಂಕಿನವರು. ಅದರಲ್ಲಿ ಆಶ್ಚರ್ಯ ಇಲ್ಲ ಬಿಡಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನ ಬೀಜ ಬಿದ್ದ ನೆಲ ಇದು. ಮನೆಗೊಬ್ಬ ಬ್ಯಾಂಕಿನವನು, ಎರಡು ಮನೆಗೊಬ್ಬ ನಾಟಕದವನು. ಮೊದಲ ಓದಿನ ದಿನ ಈ ಸಾಲು ಬಂದ ಕೂಡಲೇ ನಮ್ಮ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಸತ್ತು ಮೂರು ದಿನ ಆದ ಮೇಲೆ ಜಾಮೀನು ಸಹಿ! ಬ್ರಾಂಚಿನಲ್ಲಿ ಇದು ಮೊದಲ ನೋಟಕ್ಕೇ ಸಿಕ್ಕಿಬೀಳ್ತಿತ್ತು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಪಾಪ ಹುಡುಗಿ, ತಾರೀಕು ನೋಡಿ ಹಾಕಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ' ಅಂತಲೂ ಸೇರಿಸಿದರು.

ಈ ಎರಡು ಮಾತಿನ ನಡುವೆ ಇರುವುದೇ ವಾಸ್ತವವಾದ ಅಂತ ನನಗೆ ಅನ್ನಿಸುತ್ತದೆ. ಸ್ಕ್ರೀಬನಾಗಿದ್ದರೆ ಗುಟ್ಟು ಹೊರಬೀಳಲು ಒಂದು ಕಳೆದುಹೋದ ಉಂಗುರವನ್ನೋ, ಅವಳಿ ಮಕ್ಕಳನ್ನೋ ತರುತ್ತಿದ್ದ. ಇಲ್ಲಿ ಗುಟ್ಟು ಹೊರಬೀಳುವುದು ಕಚೇರಿಯ ಒಂದು ಸಣ್ಣ ತಪ್ಪಿನಿಂದ. ವ್ಯವಹಾರ ಗೊತ್ತಿಲ್ಲದ ಹೆಂಗಸು ಮಾತ್ರ ಮಾಡುವ ತಪ್ಪು. ಗೊತ್ತಿಲ್ಲ ಯಾಕೆಂದರೆ ಗೊತ್ತಾಗುವ ಹಾಗೆ ಅವಳನ್ನು ಬೆಳೆಸಿಯೇ ಇಲ್ಲ. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ತೆಗೆಯುವ ಹಾಗಿಲ್ಲ ಅಂತ ಅವಳ ಗೆಳತಿ ಲಿಂಡೆ ಮೊದಲ ಅಂಕದಲ್ಲೇ ಹೇಳುತ್ತಾಳೆ. ನಾಟಕದ ಗಂಟು, ಸಮಾಜದ ಗಂಟು ಎರಡೂ ಒಂದೇ ಹಗ್ಗದ್ದು. ಬಿಡಿಸಲು ಹೋದರೆ ಎರಡೂ ಒಟ್ಟಿಗೆ ಬಿಗಿಯುತ್ತವೆ.

ಮುಂದೆ ನೋಡಿ. ಹೆಲ್ಮರ್ ಬ್ಯಾಂಕಿನ ಮ್ಯಾನೇಜರ್ ಆಗುವವನಿದ್ದಾನೆ. ಅದೇ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಕ್ರೋಗ್‌ಸ್ಟಾಡ್‌ನನ್ನು ತೆಗೆದುಹಾಕಲು ಹೊರಟಿದ್ದಾನೆ. ಯಾಕೆ? ಅವನೂ ಹಿಂದೆ ಸಹಿಯ ವಿಷಯದಲ್ಲೇ ಹೆಸರು ಕೆಡಿಸಿಕೊಂಡವನು, ಅದೊಂದು ಕಾರಣ. ನಿಜವಾಗಿ ಚುಚ್ಚುತ್ತಿರುವುದು ಬೇರೆ. ಇಬ್ಬರೂ ಚಿಕ್ಕಂದಿನ ಗೆಳೆಯರು, ಅವನು ಬ್ಯಾಂಕಿನಲ್ಲಿ ಎಲ್ಲರೆದುರು ಮ್ಯಾನೇಜರನ್ನು ಏಕವಚನದಲ್ಲಿ ಕರೆಯುತ್ತಾನೆ! ನಮ್ಮ ರೂಪಾಂತರದಲ್ಲಿ ತಿದ್ದುವ ಕೆಲಸವೇ ಇಲ್ಲದ ಜಾಗ ಅಂದರೆ ಇದು. 'ಎಲ್ಲರೆದುರು ನನ್ನನ್ನು ಏನೋ ಅಂತ ಕರೀತಾನೆ' ಅಂತ ಹೆಲ್ಮರ್ ಹೇಳಿದಾಗ ಸಭೆಯಲ್ಲಿ ಪ್ರತಿ ಸಲ ಒಂದು ನಗು, ಕೂಡಲೇ ಒಂದು ಮೌನ.

ಕೆಲಸ ಹೋಯಿತು. ಕ್ರೋಗ್‌ಸ್ಟಾಡ್ ಎಲ್ಲವನ್ನೂ ಬರೆದ ಪತ್ರವನ್ನು ಹೆಲ್ಮರ್ ಮನೆಯ ಅಂಚೆಪೆಟ್ಟಿಗೆಗೆ ಹಾಕುತ್ತಾನೆ. ಪೆಟ್ಟಿಗೆಗೆ ಗಾಜು ಇದೆ, ಒಳಗಿನ ಪತ್ರ ಕಾಣುತ್ತದೆ. ಕೀಲಿಕೈ ಗಂಡನ ಹತ್ತಿರ, ಒಂದೇ ಒಂದು. ಇಡೀ ಮನೆಯ ಸಂಸಾರವನ್ನು ಅಷ್ಟರಲ್ಲಿ ಹೇಳಿ ಮುಗಿಸಿದ ಇಬ್ಸೆನ್. ಪತ್ರ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಗಂಡ ಪೆಟ್ಟಿಗೆಯ ಕಡೆ ಹೋಗದ ಹಾಗೆ ತಡೆಯಲು ನೋರಾ ನಾಳೆಯ ಪಾರ್ಟಿಯ ಕುಣಿತ ಮರೆತುಹೋಗಿದೆ, ಕಲಿಸಿಕೊಡಿ ಅಂತ ಹುಚ್ಚಿಯ ಹಾಗೆ ಕುಣಿಯುತ್ತಾಳೆ. ಕೂದಲು ಬಿಚ್ಚಿಹೋಗುತ್ತದೆ. ಆಮೇಲೆ ಒಬ್ಬಳೇ ನಿಂತು ಲೆಕ್ಕ ಹಾಕುತ್ತಾಳೆ: ಈಗ ಐದು ಗಂಟೆ, ನಡುರಾತ್ರಿಗೆ ಏಳು, ಮರುದಿನದ ನಡುರಾತ್ರಿಗೆ ಇಪ್ಪತ್ತನಾಲ್ಕು, ಬದುಕಲು ಮೂವತ್ತೊಂದು ಗಂಟೆ.

ಮೂರನೇ ಅಂಕದಲ್ಲಿ ಹೆಲ್ಮರ್ ಪೆಟ್ಟಿಗೆ ತೆರೆಯಲು ಹೋದಾಗ ಬೀಗದಲ್ಲಿ ಒಂದು ಮುರಿದ ಹೇರ್‌ಪಿನ್ ಸಿಗುತ್ತದೆ. 'ನೋರಾ, ಇದು ನಿನ್ನದಲ್ವಾ?' ಅವಳು ಮಕ್ಕಳ ಮೇಲೆ ಹಾಕುತ್ತಾಳೆ. ಅವಳು ಬೀಗ ಬಿಚ್ಚಲು ನೋಡಿದ್ದನ್ನು ಇಬ್ಸೆನ್ ನಮಗೆ ತೋರಿಸಿಯೇ ಇಲ್ಲ. ಮುರಿದ ಪಿನ್ ಮಾತ್ರ ತೋರಿಸಿದ. ಎರಡು ಅಂಕಗಳ ನಡುವಿನ ಒಂದು ಇಡೀ ರಾತ್ರಿ ಆ ಪಿನ್ನಿನಲ್ಲಿದೆ. ನಟಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಇದೆಯಾ? ನಮ್ಮಲ್ಲಿ ಪಿನ್ನಿನ ಕೆಲಸವನ್ನು ಯಾರಿಗೂ ಕೊಡದೆ ನಾನೇ ನೋಡಿಕೊಂಡೆ. ಅಂಗಿ ಬಿಚ್ಚಲಿಲ್ಲ.

ಇಷ್ಟರವರೆಗೆ ಇಬ್ಸೆನ್ ಸ್ಕ್ರೀಬನ ಪಕ್ಕಾ ಶಿಷ್ಯ. ಇಲ್ಲಿಂದ ದಾರಿ ಬೇರೆಯಾಗುತ್ತದೆ. ಲಿಂಡೆ ಮತ್ತು ಕ್ರೋಗ್‌ಸ್ಟಾಡ್ ಹಿಂದೆ ಪ್ರೀತಿಸಿದವರು, ಈಗ ಮತ್ತೆ ಒಂದಾಗುತ್ತಾರೆ. ಇದು ಸ್ವಲ್ಪ ಅನುಕೂಲಕ್ಕೆ ಬಂದ ಸಂಬಂಧ, ಒಪ್ಪೋಣ. ಅವನು ಕರಗಿ, ಪತ್ರ ವಾಪಸ್ ಕೇಳಿಬಿಡುತ್ತೇನೆ ಅನ್ನುತ್ತಾನೆ. ಚೆನ್ನಾಗಿ ಕಟ್ಟಿದ ನಾಟಕದಲ್ಲಿ ಇಲ್ಲಿಗೆ ಮಂಗಳ. ಆದರೆ ಲಿಂಡೆ ಬೇಡ ಅನ್ನುತ್ತಾಳೆ. ಈ ಮನೆಯಲ್ಲಿ ಇಷ್ಟು ಮುಚ್ಚುಮರೆ ಆದದ್ದು ಸಾಕು, ಗಂಡ ಹೆಂಡತಿಗೆ ಎಲ್ಲ ಗೊತ್ತಾಗಲಿ, ಪತ್ರ ಅಲ್ಲೇ ಇರಲಿ ಅನ್ನುವುದು ಅವಳ ಮಾತು.

ಈ ಒಂದು 'ಬೇಡ'ದ ಬಗ್ಗೆ ನಾನು ತುಂಬ ಯೋಚನೆ ಮಾಡಿದ್ದೇನೆ. ಅಲ್ಲಿಯವರೆಗೆ ಕತೆ ನಡೆಸುತ್ತಿದ್ದದ್ದು ಕಾಗದ. ಇಲ್ಲಿ ಮೊದಲ ಸಲ ಒಬ್ಬ ಮನುಷ್ಯಳು ಅದನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಪತ್ರ ಈಗ ಗಂಡನ ಕೈಗೆ ಹೋಗುವುದು ದುರದೃಷ್ಟದಿಂದ ಅಲ್ಲ, ಒಬ್ಬಳು ಹೋಗಲಿ ಅಂದದ್ದರಿಂದ.

ಹೆಲ್ಮರ್ ಓದುತ್ತಾನೆ. ಹೆಂಡತಿ ತನ್ನ ಜೀವ ಉಳಿಸಿದ್ದು ಅವನಿಗೆ ಕಾಣುವುದಿಲ್ಲ, ತನ್ನ ಹೆಸರು ಕೆಡುವುದು ಕಾಣುತ್ತದೆ. ಕೂಗಾಡುತ್ತಾನೆ. ಅಷ್ಟರಲ್ಲಿ ಎರಡನೇ ಪತ್ರ ಬರುತ್ತದೆ, ಸಾಲದ ಪತ್ರವನ್ನೇ ಕ್ರೋಗ್‌ಸ್ಟಾಡ್ ಹಿಂದಿರುಗಿಸಿದ್ದಾನೆ. ಹೆಲ್ಮರ್ ಕುಣಿದಾಡುತ್ತಾನೆ: 'ನಾನು ಉಳಿದೆ!' ನೋರಾ ಕೇಳುತ್ತಾಳೆ: 'ಮತ್ತೆ ನಾನು?'

ಗಂಟು ಬಿಚ್ಚಿತು. ಅಪಾಯ ಇಲ್ಲ. ಪ್ರೇಕ್ಷಕ ಚಪ್ಪಲಿ ಹುಡುಕುವ ಹೊತ್ತು. ಆಗ ನೋರಾ ಬಟ್ಟೆ ಬದಲಾಯಿಸಿ ಬಂದು, 'ಕೂತುಕೊಳ್ಳಿ, ನಮಗೆ ಮಾತಾಡಲಿಕ್ಕಿದೆ' ಅನ್ನುತ್ತಾಳೆ. ಎಂಟು ವರ್ಷದ ಮದುವೆಯಲ್ಲಿ ಮೊದಲ ಸಲ. ಶಾ ಇದನ್ನು ಸರಿಯಾಗಿ ಹಿಡಿದ. ಹಿಂದೆ ಗಂಟು ಬಿಚ್ಚಿದರೆ ನಾಟಕ ಮುಗಿಯುತ್ತಿತ್ತು, ಇಬ್ಸೆನ್ ಅಲ್ಲಿ ಚರ್ಚೆ ಶುರು ಮಾಡಿದ ಅಂತ ಇಬ್ಸೆನ್ ಬಗೆಗಿನ ತನ್ನ 1891ರ ಪುಸ್ತಕಕ್ಕೆ 1913ರಲ್ಲಿ ಸೇರಿಸಿದ ಭಾಗದಲ್ಲಿ ಬರೆದ. ನನಗೆ ಅದು ತಾಳಮದ್ದಳೆಯ ಹಾಗೆ ಕೇಳುತ್ತದೆ. ಕಾಗದ, ಕೀಲಿ ಎಲ್ಲ ಬದಿಗೆ ಹೋಗಿ ಇಬ್ಬರು ಎದುರುಬದುರು ಕೂತು ಬರೀ ಅರ್ಥ ಹೇಳುವುದು! ಮಾವನಿಗೆ ಆ ಇಪ್ಪತ್ತು ನಿಮಿಷ ಮಾತ್ರ ತೋರಿಸಿದ್ದರೆ ಮೆಚ್ಚುತ್ತಿದ್ದರೇನೋ.

ಒಂದು ತಮಾಷೆ ಹೇಳಲೇಬೇಕು. 1880ರಲ್ಲಿ ಜರ್ಮನಿಯ ನಟಿಯೊಬ್ಬಳು, ನಾನಾದರೆ ನನ್ನ ಮಕ್ಕಳನ್ನು ಬಿಟ್ಟು ಹೋಗುವವಳಲ್ಲ, ಈ ಕೊನೆಯನ್ನು ಆಡುವುದಿಲ್ಲ ಅಂತ ಹಟ ಹಿಡಿದಳು. ಬೇರೆ ಯಾರೋ ಬದಲಾಯಿಸಿ ಹಾಳು ಮಾಡುವುದಕ್ಕಿಂತ ತಾನೇ ಮಾಡುವುದು ವಾಸಿ ಅಂತ ಇಬ್ಸೆನ್ ಇನ್ನೊಂದು ಕೊನೆ ಬರೆದುಕೊಟ್ಟ. ಹೆಲ್ಮರ್ ಅವಳನ್ನು ಮಕ್ಕಳ ಕೋಣೆಯ ಬಾಗಿಲಿಗೆ ಎಳೆದು ತರುತ್ತಾನೆ, ಅವಳು ಕುಸಿದು ಕೂರುತ್ತಾಳೆ. ಆಮೇಲೆ ಅದನ್ನು ಅವನೇ ನಾಟಕದ ಮೇಲೆ ನಡೆಸಿದ ಅನಾಗರಿಕ ಹಲ್ಲೆ ಅಂತ ಕರೆದ. ಮೂರು ಅಂಕ ಅದೇ ಪತ್ರ, ಅದೇ ಕೀಲಿ, ಅದೇ ಪಿನ್. ಕೊನೆ ಬದಲಾದ ಕೂಡಲೇ ಅದು ಬರೀ ಸಾರ್ದು ಆಗಿಹೋಗುತ್ತದೆ.

ಹಾಗಂತ ಬಿಗಿ ಕಟ್ಟುವಿಕೆ ಇಬ್ಸೆನ್‌ಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ಪ್ರೀಸ್ಟ್ಲಿಯ 'ಆನ್ ಇನ್‌ಸ್ಪೆಕ್ಟರ್ ಕಾಲ್ಸ್' 1945ರಲ್ಲಿ ರಂಗಕ್ಕೆ ಬಂತು. ಒಂದೇ ರಾತ್ರಿ, ಒಂದೇ ಊಟದ ಮನೆ, ಒಂದು ಫೋಟೋ. 1947ರಲ್ಲಿ ಆರ್ಥರ್ ಮಿಲ್ಲರ್‌ನ 'ಆಲ್ ಮೈ ಸನ್ಸ್' ಬಂತು. ಯುದ್ಧವಿಮಾನಕ್ಕೆ ದೋಷ ಇರುವ ಭಾಗ ಕಳಿಸಿದ ತಂದೆ, ಕೊನೆಗೆ ಸತ್ತ ಮಗನ ಪತ್ರ. ಅಲ್ಲೂ ಪತ್ರವೇ. 1967ರ ಹೊತ್ತಿಗೆ ಮರಾಠಿಯಲ್ಲಿ ನಾಟಕಕಾರ ವಿಜಯ್ ತೆಂಡೂಲ್ಕರ್ ಸುಮ್ನೆ ಆಟಕ್ಕೆ ಅಂತ ಶುರುವಾದ ಒಂದು ಕೋರ್ಟನ್ನು ಒಬ್ಬ ಹೆಂಗಸಿನ ಕುತ್ತಿಗೆಗೆ ಬಿಗಿದರು. ರಷ್ಯಾದ ಚೆಕಾಫ್ ಮಾತ್ರ ಈ ಕಡೆ ಬರಲೇ ಇಲ್ಲ. ರಂಗದ ಮೇಲೆ ಬಂದೂಕು ಇಟ್ಟರೆ ಅದು ಹಾರಲೇಬೇಕು ಅಂತ ಹೇಳಿದ್ದು ಅವನೇ. ಆದರೆ ಅವನ ನಾಟಕದ ವಾನ್ಯ ಮಾವ ಹತ್ತಿರದಿಂದ ಎರಡು ಗುಂಡು ಹಾರಿಸುತ್ತಾನೆ, ಎರಡೂ ತಾಗುವುದಿಲ್ಲ. ಅದೇ ಸಂಜೆ ಮತ್ತೆ ಲೆಕ್ಕದ ಪುಸ್ತಕ ಬರೆಯಲು ಕೂರುತ್ತಾನೆ. ನನಗೆ ಆ ತಪ್ಪಿದ ಗುಂಡು ತುಂಬ ಇಷ್ಟ.

ಕನ್ನಡಕ್ಕೆ ಬಂದರೆ ಮೊದಲು ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಲು ಹೋಗಿ ನಾಟಕದ ಹುಚ್ಚು ಹಿಡಿಸಿಕೊಂಡು ಬಂದವರು. 1918ರ 'ಟೊಳ್ಳುಗಟ್ಟಿ'ಯಲ್ಲಿ ಅವರು ರಾಜರಾಣಿಯರನ್ನು ಕಳಿಸಿ, ನಮ್ಮ ಮನೆಯ ಹಜಾರವನ್ನು ರಂಗಕ್ಕೆ ತಂದರು. ಪರೀಕ್ಷೆಯಲ್ಲಿ ಮುಂದಿರುವ ಒಬ್ಬ ಮಗ, ಹಿಂದಿರುವ ಇನ್ನೊಬ್ಬ, ಇಂಗ್ಲಿಷ್ ಬೆರೆಸಿ ಮಾತಾಡುವ ಮನೆ. ಕೈಲಾಸಂ ಅವರ ಕಿವಿ ಅದ್ಭುತ. ಆದರೆ ಕಟ್ಟುವಿಕೆಯಲ್ಲಿ ಅವರಿಗೆ ತಾಳ್ಮೆ ಕಡಿಮೆ ಅಂತ ನನ್ನ ಅಭಿಪ್ರಾಯ, ಯಾರಾದರೂ ಜಗಳಕ್ಕೆ ಬಂದರೆ ತಯಾರಿದ್ದೇನೆ. ಅವರ ನಂತರದ ನಾಟಕಕಾರ ಶ್ರೀರಂಗರು ಸಮಾಜದ ಸಮಸ್ಯೆಯನ್ನು ಹಿಡಿದರು.

1972ರಲ್ಲಿ ನಮ್ಮ ಬಂಟ್ವಾಳ ಕಡೆಯ ನಿರ್ದೇಶಕ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿ ಮೂರು ನಾಟಕಗಳನ್ನೂ ಬಯಲಿಗೆ ತಂದರು. ಅಲ್ಲಿಂದ ಕನ್ನಡ ರಂಗ ಹಾಡು, ಕುಣಿತ, ಮುಖವಾಡ, ಜನಪದದ ಕಡೆ ತಿರುಗಿತು. ಮೂರು ಗೋಡೆಯ ಮನೆ ಖಾಲಿಯಾಯಿತು. ಅದರಿಂದ ನಮಗೆ ಬಂದ ಲಾಭಕ್ಕೆ ಲೆಕ್ಕವಿಲ್ಲ. ಆದರೆ ಆ ಮೂರರಲ್ಲಿ ಈಡಿಪಸ್ ಇತ್ತು ಅನ್ನುವುದನ್ನು ಮರೆಯಬೇಡಿ. ಸುಮಾರು ಎರಡೂವರೆ ಸಾವಿರ ವರ್ಷ ಹಿಂದೆ ಗ್ರೀಸಿನ ಸೋಫೊಕ್ಲಿಸ್ ಬರೆದ ನಾಟಕ. ಇಬ್ಸೆನ್‌ನ ಮುತ್ತಜ್ಜ ಅವನೇ. ಆಗಬೇಕಾದದ್ದೆಲ್ಲ ಪರದೆ ಏಳುವ ಮೊದಲೇ ಆಗಿಹೋಗಿದೆ, ಉಳಿದದ್ದು ತಿಳಿಯುವುದು ಮಾತ್ರ. ಬಯಲಿಗೆ ಬಂದರೂ ಗಂಟು ಗಂಟೇ.

ಖಾಲಿಯಾದ ಆ ಮನೆಗೆ ಈಗ ಟಿವಿ ಸೀರಿಯಲ್‌ನವರು ಬಾಡಿಗೆಗೆ ಬಂದಿದ್ದಾರೆ. ಬಾಗಿಲ ಹಿಂದೆ ನಿಂತು ಕೇಳುವುದು, ಪತ್ರ ಕದಿಯುವುದು, ಪೂರಾ ಸ್ಕ್ರೀಬ್. ಒಂದೇ ವ್ಯತ್ಯಾಸ, ಅಲ್ಲಿ ಪತ್ರ ತೆರೆಯುವ ದಿನ ಬರುವುದೇ ಇಲ್ಲ. ನಮ್ಮ ತುಳು ಹಾಸ್ಯ ನಾಟಕಗಳಲ್ಲೂ ಈ ವಿದ್ಯೆ ಚೆನ್ನಾಗಿ ಬದುಕಿದೆ. ತಪ್ಪು ಮನುಷ್ಯ ತಪ್ಪು ಕೋಣೆಗೆ ಸರಿಯಾದ ಹೊತ್ತಿಗೆ ಬರುವುದನ್ನು ಮಂಗಳೂರಿನ ಆ ನಟರು ಮಾಡುವಷ್ಟು ಚುರುಕಾಗಿ ಮಾಡಲು ನಮ್ಮ ಗಂಭೀರ ನಾಟಕದವರಿಗೆ ಬರುವುದಿಲ್ಲ. ಹೋಗಿ ನೋಡಿ ಕಲಿಯಿರಿ.

ಬರೆಯಲು ಹೊರಟವರಿಗೆ ಒಂದು ಮಾತು. ನಮ್ಮ ಶಂಕರಪುರದ ಕಡೆ ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ನೋಡಿ. ನಾರು ಸಡಿಲ ಆದರೆ ಮೊಗ್ಗು ಉದುರುತ್ತದೆ, ಜಾಸ್ತಿ ಎಳೆದರೆ ತೊಟ್ಟು ಕತ್ತರಿಸುತ್ತದೆ. ಎಷ್ಟು ಎಳೆಯಬೇಕು ಅಂತ ಅವರು ಕಣ್ಣಿನಿಂದ ನೋಡುವುದಿಲ್ಲ, ಬೆರಳಿಗೇ ಗೊತ್ತು. ಕತೆಗೆ ಬೇಕು ಅಂತ ಒಂದು ಪಾತ್ರ ತನ್ನ ಸ್ವಭಾವದಲ್ಲಿ ಇಲ್ಲದ್ದನ್ನು ಮಾಡಿದರೆ ತೊಟ್ಟು ಹೋಯಿತು ಅಂತ ಲೆಕ್ಕ.

ಮಾತಿನ ನಂತರ ಒಬ್ಬ ಹುಡುಗ ಕೇಳಿದ: 'ಸರ್, ಈಗ ಯಾರ ಮನೆಯಲ್ಲಿ ಅಂಚೆಪೆಟ್ಟಿಗೆ ಇದೆ? ಮೊಬೈಲ್ ಬಂದ ಮೇಲೆ ಗುಟ್ಟು, ತಡ, ತಪ್ಪು ಕೈ ಎಲ್ಲ ಮುಗೀತಲ್ಲ?' ನಾನು ಹೇಳಿದೆ, ಮೊಬೈಲಿಗೂ ಲಾಕ್ ಇದೆ, ಅದು ಯಾರ ಬೆರಳಿಗೆ ತೆರೆಯುತ್ತದೆ ಅನ್ನುವುದೇ ಇವತ್ತಿನ ಕೀಲಿಕೈ. ಕ್ರೋಗ್‌ಸ್ಟಾಡ್ ಇವತ್ತು ವಾಟ್ಸಾಪ್ ಮಾಡುತ್ತಿದ್ದ. ಇನ್ನೂ ನೀಲಿ ಗೆರೆ ಬಂದಿಲ್ಲ. ಅವನಿಗೆ ಪಶ್ಚಾತ್ತಾಪ ಆಗಿದೆ, ಎಲ್ಲರಿಗೂ ಡಿಲೀಟ್ ಆಗುವ ಬಟನ್ ಮೇಲೆ ಬೆರಳು ಇಟ್ಟಿದ್ದಾನೆ. ಲಿಂಡೆ ಬಂದು ಅವನ ಕೈ ಹಿಡಿದು ಬೇಡ ಅನ್ನುತ್ತಾಳೆ. ಒಂದು ವೇಳೆ ಡಿಲೀಟ್ ಮಾಡಿದರೂ, ಏನೋ ಇತ್ತು, ಅಳಿಸಿದ್ದಾರೆ ಅನ್ನುವ ಗುರುತು ಅಲ್ಲೇ ಉಳಿಯುತ್ತದೆ. ಮುರಿದ ಹೇರ್‌ಪಿನ್ನಿನ ಹಾಗೆ. ಹುಡುಗ ಬರೆದುಕೊಂಡ. ಬರೆಯಲಿ ನೋಡೋಣ.

ಇನ್ನೊಬ್ಬರು ಬಾಗಿಲಿನ ಸದ್ದಿನ ಬಗ್ಗೆ ಕೇಳಿದರು. ನಮ್ಮ ಸೆಟ್ಟಿನ ಬಾಗಿಲು ಪ್ಲೈವುಡ್‌ನದ್ದು, ಹೊಡೆದರೆ ಇಡೀ ಗೋಡೆ ಅಲ್ಲಾಡುತ್ತಿತ್ತು. ಅದಕ್ಕೆ ಕೆಡವಿದ ಒಂದು ಹಳೇ ಮನೆಯ ಹಲಸಿನ ಮರದ ಬಾಗಿಲನ್ನು ಚೌಕಟ್ಟು ಸಮೇತ ತಂದು ಹಿಂದೆ ನಿಲ್ಲಿಸಿದೆವು. ಇಬ್ಬರು ಹುಡುಗರು ಸೇರಿ ಹಾಕಬೇಕು, ಅಷ್ಟು ಭಾರ. ಮೊದಲ ಪ್ರದರ್ಶನದ ದಿನ ಆಟ ಮುಗಿದ ಮೇಲೆ ವಯಸ್ಸಾದ ಒಬ್ಬ ಅಮ್ಮ ನಿಧಾನ ಒಳಗೆ ಬಂದು, ನಟರನ್ನು ಯಾರನ್ನೂ ಮಾತಾಡಿಸದೆ, ಸೀದಾ ಆ ಬಾಗಿಲಿನ ಹತ್ತಿರ ಹೋಗಿ ಮುಟ್ಟಿ ನೋಡಿದರು. ಅಳಿಯಸಂತಾನದ, ಅಂದರೆ ಮನೆತನ ತಾಯಿಯ ಕಡೆಯಿಂದ ಸಾಗುವ ಮನೆಯವರು.

'ಅವಳು ಹೋದದ್ದು ಎಲ್ಲಿಗೆ ಮಗಾ? ತಾಯಿಮನೆ ಉಂಟಾ ಅವಳಿಗೆ?'

'ಇಲ್ಲಮ್ಮ. ಇವತ್ತು ರಾತ್ರಿ ಗೆಳತಿಯ ಮನೆಗೆ. ನಾಳೆ ಅವಳು ಹುಟ್ಟಿದ ಊರಿಗೆ. ಅಪ್ಪ ತೀರಿಕೊಂಡಿದ್ದಾರೆ.'

'ಹೌದಲ್ಲ, ಸೆಪ್ಟೆಂಬರ್‌ನಲ್ಲಿ' ಅಂದರು ಅವರು. 'ನಮ್ಮಲ್ಲಾದ್ರೆ ಕುಟುಂಬದ ಮನೆ ಅಂತ ಒಂದು ಇರ್ತಿತ್ತು. ಒಂದು ಬಾಗಿಲು ಹಾಕಿ ಬಂದವಳಿಗೆ ಇನ್ನೊಂದು ತೆರೀತಿತ್ತು.' ಹಲಸಿನ ಬಾಗಿಲಿನ ಅಗುಳಿಯನ್ನು ಒಮ್ಮೆ ಎಳೆದು, ಮತ್ತೆ ಮೊದಲಿನ ಹಾಗೆ ಸರಿಸಿ, 'ಇದು ಯಾರ ಮನೆಯದ್ದು?' ಅಂತ ಕೇಳಿದರು.